ಲಟಾನೊಪ್ರೋಸ್ಟ್ ಕಣ್ಣಿನ ಹನಿ: ಮದ್ದಿಗೆ ಪೂರ್ತಿ ಅಂಕ, ಬಾಟಲಿಗೆ ಅರ್ಧ

ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ನೋಟದ ನರ ಸವೆಯುವ ಕಾಯಿಲೆ, ಇದೆ ಅಂತ ಗೊತ್ತಾದ ಮೇಲೆ ಚೀಟಿಯಲ್ಲಿ ಮೊದಲು ಕಾಣುವ ಹೆಸರುಗಳಲ್ಲಿ ಲಟಾನೊಪ್ರೋಸ್ಟ್ ಒಂದು. ಶೇ. 0.005ರ ದ್ರಾವಣ, 2.5 ಮಿಲಿಯ ಪುಟ್ಟ ಬಾಟಲಿ, ರಾತ್ರಿ ಒಂದೇ ಹನಿ. ಝಲಾಟಾನ್ ಹೆಸರಲ್ಲಿ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮದ್ದು ಇದು. ಈಗ ಹಲವು ಕಂಪನಿಗಳ ಜೆನೆರಿಕ್ ಸಿಗುತ್ತದೆ.

ಕೆಲಸದ ಬಗ್ಗೆ ತಕರಾರಿಲ್ಲ. ಕಣ್ಣೊಳಗಿನ ನೀರು ಹೊರಹೋಗಲು ಪಕ್ಕದ ದಾರಿಯನ್ನು ಸಡಿಲ ಮಾಡಿ, ಒತ್ತಡವನ್ನು ಸಾಮಾನ್ಯವಾಗಿ ಶೇ. 25ರಿಂದ 30ರಷ್ಟು ಇಳಿಸುತ್ತದೆ. ಬ್ರಿಟನ್ನಿನಲ್ಲಿ ಇದನ್ನು ಮದ್ದಿಲ್ಲದ ಹನಿಯ ಎದುರು 24 ತಿಂಗಳು ಪರೀಕ್ಷಿಸಿದಾಗ, ದೃಷ್ಟಿಕ್ಷೇತ್ರ ಕುಗ್ಗಿದವರು ಮದ್ದಿನ ಗುಂಪಿನಲ್ಲಿ ಶೇ. 15.2, ಇನ್ನೊಂದರಲ್ಲಿ ಶೇ. 25.6. ದೊಡ್ಡ ಲಾಭವೇ. ಆದರೂ ನೂರಕ್ಕೆ ಆ 15 ಮಂದಿ ಹನಿ ಹಾಕಿಕೊಂಡೂ ಒಂದಿಷ್ಟು ನೋಟ ಕಳೆದುಕೊಂಡರಲ್ಲ, ಯಾಕೆ?

ಉತ್ತರದ ಒಂದು ಭಾಗ ದೇಹದ ರೋಗನಿರೋಧಕ ವ್ಯವಸ್ಥೆಯಲ್ಲೇ ಇರಬಹುದು. ಬೋಸ್ಟನ್ ಬಳಿಯ ಎಂಐಟಿ ಮತ್ತು ಶೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯವರು 2018ರಲ್ಲಿ ತೋರಿಸಿದ್ದು ಹೀಗೆ: ಇಲಿಗಳ ಕಣ್ಣಿನ ಒತ್ತಡ ಏರಿದಾಗ ರೋಗನಿರೋಧಕ ಪಡೆಯ ಟಿ ಜೀವಕೋಶಗಳು ರೆಟಿನಾದೊಳಗೆ ನುಗ್ಗುತ್ತವೆ, ಒತ್ತಡ ಮಾಮೂಲಿಗೆ ಬಂದ ಮೇಲೂ ನರದ ಹಾನಿ ಮುಂದುವರಿಯುತ್ತದೆ. ಬೂದಿ ಮುಚ್ಚಿದ ಕೆಂಡದ ಹಾಗೆ. ದಾಳಿಯ ಗುರಿ, ಪೆಟ್ಟು ಬಿದ್ದಾಗ ಜೀವಕೋಶಗಳು ತಯಾರಿಸುವ ಹೀಟ್ ಶಾಕ್ ಪ್ರೋಟೀನ್. ಅದನ್ನೇ ಹೋಲುವ ಪ್ರೋಟೀನ್ ನಮ್ಮೊಳಗಿನ ಬ್ಯಾಕ್ಟೀರಿಯಾಗಳಲ್ಲೂ ಇರುವುದರಿಂದ ಟಿ ಜೀವಕೋಶಗಳಿಗೆ ಅದರ ಗುರುತು ಮೊದಲೇ ಸಿಕ್ಕಿರುತ್ತದೆ. ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಒತ್ತಡ ಏರಿದರೂ ನರ ಸವೆಯಲಿಲ್ಲ. ಗ್ಲಾಕೋಮಾ ರೋಗಿಗಳ ರಕ್ತದಲ್ಲೂ ಇಂಥ ಟಿ ಜೀವಕೋಶಗಳು ಐದು ಪಟ್ಟಿಗಿಂತ ಹೆಚ್ಚು ಕಂಡವು. ಅಂದಮೇಲೆ "ಇಮ್ಯುನಿಟಿ ಹೆಚ್ಚಿಸಿ ಗ್ಲಾಕೋಮಾ ಗೆಲ್ಲಿ" ಅನ್ನುವ ಪುಡಿ, ಮಾತ್ರೆಗಳಿಗೆ ದುಡ್ಡು ಸುರಿಯುವುದು ವ್ಯರ್ಥ. ಇಲ್ಲಿ ತಂಟೆಯೇ ಆ ಪಡೆ ತಪ್ಪು ಜಾಗದಲ್ಲಿ ಚುರುಕಾಗಿರುವುದು.

ಈಗ ಬಾಟಲಿಗೆ ಬರೋಣ. ಝಲಾಟಾನ್‌ನಲ್ಲಿ, ಮತ್ತು ಹೆಚ್ಚಿನ ಜೆನೆರಿಕ್‌ಗಳಲ್ಲಿ, ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ, ಮದ್ದು ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಇರುತ್ತದೆ, ಝಲಾಟಾನ್‌ನಲ್ಲಿ ಶೇ. 0.02. ಇದು ಡಿಟರ್ಜೆಂಟ್ ಜಾತಿಯದು. ಪಾತ್ರೆಯ ಜಿಡ್ಡು ಸೋಪಿಗೆ ಬಿಡುವ ಹಾಗೆ ಕಣ್ಣೀರಿನ ಮೇಲಿನ ಎಣ್ಣೆ ಪದರ ಇದಕ್ಕೆ ಒಡೆಯುತ್ತದೆ. ವರ್ಷಗಟ್ಟಲೆ ಹಾಕಿದಾಗ ಕಣ್ಣಿನ ಬಿಳಿಭಾಗದ ಪೊರೆಯಲ್ಲಿ ಉರಿಯೂತದ ಕಣಗಳು ಬೀಡುಬಿಡುತ್ತವೆ, ಲೋಳೆ ಸ್ರವಿಸುವ ಕಣಗಳು ಕಡಿಮೆಯಾಗುತ್ತವೆ. ಉರಿ, ಮರಳು ಬಿದ್ದ ಹಾಗೆ ಚುಚ್ಚುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮುಂದೆ ಕಣ್ಣಿನ ನೀರಿಗೆ ಹೊಸ ದಾರಿ ಮಾಡುವ ಟ್ರಾಬೆಕ್ಯುಲೆಕ್ಟಮಿ ಆಪರೇಷನ್ ಬೇಕಾದರೆ, ಹೀಗೆ ಕೆರಳಿದ ಪೊರೆ ಬೇಗ ಕಲೆಗಟ್ಟಿ, ಮಾಡಿದ ದಾರಿ ಮುಚ್ಚಿಹೋಗುವ ಸಂಭವ ಹೆಚ್ಚು. ಅರ್ಧ ಅಂಕ ಕಡಿದದ್ದು ಇದಕ್ಕೇ.

ಶುರುವಿನ ವಾರಗಳ ಸಣ್ಣ ಕೆಂಪು ಮದ್ದಿನದೇ, ಹೆಚ್ಚಿನವರಲ್ಲಿ ತಗ್ಗುತ್ತದೆ. ಎರಡು ಮೂರು ಬಗೆಯ ಹನಿ ಸೇರಿದಂತೆಲ್ಲ ಉರಿ ಜಾಸ್ತಿಯಾದರೆ ಪ್ರಿಸರ್ವೇಟಿವ್ ಮೇಲೆ ಅನುಮಾನ ಪಡಿ. ಆಗ ಹನಿ ನಿಲ್ಲಿಸಬೇಡಿ, ಬಾಟಲಿ ಬದಲಿಸಲು ಡಾಕ್ಟರನ್ನು ಕೇಳಿ. ಸನ್ ಫಾರ್ಮಾದ ಝೆಲ್‌ಪ್ರೋಸ್ ಅದೇ ಶೇ. 0.005ರ ಲಟಾನೊಪ್ರೋಸ್ಟ್, ಬೆಂಜಾಲ್ಕೋನಿಯಂ ಬದಲು ಪೊಟ್ಯಾಸಿಯಂ ಸಾರ್ಬೇಟ್ ಇದೆ. ಒತ್ತಡ ಇಳಿಸುವ ಇನ್ನೊಂದು ಮದ್ದು ಟಿಮೊಲೋಲ್ ಕೂಡ ಬೇಕಿದ್ದರೆ ಎರಡೂ ಬೆರೆತ ಒಂದೇ ಬಾಟಲಿ ಮೇಲು: ಕಣ್ಣಿಗೆ ಬೀಳುವ ಪ್ರಿಸರ್ವೇಟಿವ್ ಅಷ್ಟು ಕಡಿಮೆ.

ಮಾಡಲೇಬಾರದ್ದು, ಕೆಂಪಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಸ್ಟಿರಾಯ್ಡ್ ಹನಿ ಕೊಳ್ಳುವುದು. ಆಂಟಿಬಯೋಟಿಕ್ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಡೆಕ್ಸಮೆಥಸೋನ್ ಎಂದಿರುತ್ತದೆ, ಓದಿ. ಅದು ಉರಿಯೂತವನ್ನು ಎರಡೇ ದಿನದಲ್ಲಿ ಅಡಗಿಸಿ ಹಾಯೆನಿಸುತ್ತದೆ. ಕೆಲವು ವಾರಗಳಲ್ಲಿ ಒತ್ತಡ ಏರಿಸುತ್ತದೆ. ಗ್ಲಾಕೋಮಾ ಇರುವವರಿಗೆ ಈ ಅಪಾಯ ಉಳಿದವರಿಗಿಂತ ಹೆಚ್ಚು.

ಬಳಕೆ ಸುಲಭ, ಕೈತಪ್ಪುವುದೂ ಸುಲಭ. ಬಾಟಲಿಯಲ್ಲಿ ಸುಮಾರು 80 ಹನಿ. ಎರಡೂ ಕಣ್ಣಿಗೆ ತಿಂಗಳಿಗೆ 60 ಸಾಕು, ಅಂದರೆ ಚೆಲ್ಲಲು 20 ಇದೆ. ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಬೆರಳಲ್ಲಿ ಎರಡು ನಿಮಿಷ ಒತ್ತಿ. ದಿನಕ್ಕೆ ಎರಡು ಸಲ ಹಾಕಿದರೆ ಪರಿಣಾಮ ಕುಂದುತ್ತದೆ. ಇನ್ನೊಂದು ಹನಿ ಇದ್ದರೆ ಐದು ನಿಮಿಷ ಬಿಡಿ. ಕಾಂಟ್ಯಾಕ್ಟ್ ಲೆನ್ಸ್ ಮತ್ತೆ ಹಾಕಲು 15 ನಿಮಿಷ. ಒಡೆಯದ ಬಾಟಲಿ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ, ಫ್ರೀಜರ್‌ನಲ್ಲಲ್ಲ. ಒಡೆದ ದಿನವನ್ನು ಲೇಬಲ್ ಮೇಲೆ ಬರೆದು, ನಾಲ್ಕು ವಾರಕ್ಕೆ ಎಸೆಯಿರಿ. ರೆಪ್ಪೆಕೂದಲು ಉದ್ದವಾಗುವುದು, ರೆಪ್ಪೆ ಚರ್ಮ ಕಪ್ಪಾಗುವುದು ಇದ್ದದ್ದೇ.

ಯುವಿಯೈಟಿಸ್ (ಕಣ್ಣೊಳಗಿನ ಉರಿಯೂತ) ಅಥವಾ ಕಣ್ಣಿಗೆ ಹರ್ಪಿಸ್ ವೈರಸ್ ಸೋಂಕು ಬಂದಿದ್ದವರು ಮೊದಲೇ ಹೇಳಿಬಿಡಿ. ಒಳಗಿನ ಉರಿಯೂತವನ್ನು ಈ ಮದ್ದೇ ಕೆರಳಿಸಬಹುದು.

ಯಾವ ಬಾಟಲಿಯೂ ಒಗ್ಗದವರು ಕಣ್ಣಿನ ನೀರು ಹೊರಹೋಗುವ ಜರಡಿಗೆ ಮಾಡುವ ಎಸ್‌ಎಲ್‌ಟಿ ಲೇಸರ್ ಬಗ್ಗೆ ವಿಚಾರಿಸಿ. 2019ರ ಬ್ರಿಟಿಷ್ ಪರೀಕ್ಷೆಯಲ್ಲಿ ಮೊದಲು ಲೇಸರ್ ಮಾಡಿಸಿಕೊಂಡವರ ಪೈಕಿ ಸುಮಾರು ಶೇ. 74 ಮಂದಿಗೆ ಮೂರು ವರ್ಷದ ಹೊತ್ತಿಗೂ ಹನಿ ಬೇಕಾಗಿರಲಿಲ್ಲ. ತಮಾಷೆಯೆಂದರೆ, ಲೇಸರ್ ಕರೆದಾಗ ಬಂದು ಆ ಜರಡಿ ತೊಳೆಯುವವು ಎಂದು ತಜ್ಞರು ಹೇಳುವ, ಕಸ ನುಂಗುವ ಮ್ಯಾಕ್ರೋಫೇಜ್ ಜೀವಕೋಶಗಳೂ ಅದೇ ರೋಗನಿರೋಧಕ ಪಡೆಯವು.