ರೀಲಿಗೆ ಸುತ್ತಿಟ್ಟ ಲೈನ್ ಕೊಳ್ಳಬೇಡಿ, ನನಗೆ ಆದ ಮೋಸ ನೋಡಿ

ಫ್ಲೈ ಫಿಶಿಂಗ್ (ನಕಲಿ ಹುಳ ಕಟ್ಟಿ ಬೀಸಿ ಮೀನು ಹಿಡಿಯುವುದು) ಕಲಿಯೋಣ ಅಂತ ರಾಡ್, ರೀಲ್, ಲೈನ್, ಲೀಡರ್ (ಲೈನಿನ ತುದಿಗೂ ಹುಳಕ್ಕೂ ಮಧ್ಯೆ ಕಟ್ಟುವ ತೆಳು ದಾರ) ಎಲ್ಲಾ ಒಂದೇ ಸೆಟ್‌ನಲ್ಲಿ ಕೊಳ್ಳಲು ಹೊರಟಿದ್ದೀರಾ? ಲೈನ್ ಬಂದ ಡಬ್ಬಿ ನೋಡದೆ ದುಡ್ಡು ಕೊಡಬೇಡಿ. ನನಗಂತೂ ಇನ್ನೂ ಹೊಟ್ಟೆ ಉರಿಯುತ್ತಿದೆ.

ರಾಡ್ 9 ಅಡಿಯದು, 5 ವೆಯ್ಟ್, ಅಂದರೆ 5 ನಂಬರಿನ ಲೈನಿಗೆ ಮಾಡಿದ್ದು. ಹಿಡಿಯ ಮೇಲ್ಗಡೆ ಬರೆದೇ ಇತ್ತು, ಅದರಲ್ಲಿ ಮೋಸ ಇಲ್ಲ. ಲೈನ್ ಮಾತ್ರ ಆಗಲೇ ರೀಲಿಗೆ ಸುತ್ತಿತ್ತು. ಡಬ್ಬಿ ಎಲ್ಲಿ ಅಂತ ಅಂಗಡಿಯವನನ್ನು ಕೇಳಿದೆ. "ನಿಮಗೆ ತೊಂದರೆ ಬೇಡ ಅಂತ ನಾವೇ ಸುತ್ತಿ ಕೊಟ್ಟಿದ್ದೀವಿ ಸರ್, ತೇಲೋ ಲೈನು, ಎಲ್ಲಾ ಮ್ಯಾಚ್ ಆಗಿದೆ" ಅಂದ. ಎಂಥ ಕಾಳಜಿ!

ನೀರಿನ ಹತ್ತಿರ ಹೋಗಿ ಬೀಸಿದರೆ ರಾಡ್ ಹಿಡಿಯ ತನಕ ಬಗ್ಗುತ್ತಿತ್ತು. ಹಿಂದೆ ಹೋದ ಲೈನ್ ನೆಲಕ್ಕೆ ಬಡಿಯುತ್ತಿತ್ತು, ಮುಂದೆ ಬಂದರೆ ದೊಪ್ಪಂತ ನೀರಿಗೆ. ಬಿದ್ದ ಮೇಲೆ ತೇಲಬೇಕಲ್ವಾ? ಮುಳುಗಿತು! ಪಕ್ಕದಲ್ಲಿದ್ದವರು ಮುಸಿಮುಸಿ ನಗುತ್ತಿದ್ದರು. ನಾಚಿಕೆಯಿಂದ ಎಲ್ಲಾ ಸುತ್ತಿಕೊಂಡು ಹೊರಟೆ.

ಫೋನ್ ಮಾಡಿದೆ. "ಕೈ ಇನ್ನೂ ಕೂತಿಲ್ಲ ಸರ್, ಅಭ್ಯಾಸ ಮಾಡಿ." ಮಾಡಿದೆ. ಭುಜ ನೋವು ಬಂತೇ ಹೊರತು ಬೇರೇನೂ ಬರಲಿಲ್ಲ.

ಕೊನೆಗೆ ತೂಕ ಹಾಕಿಯೇ ಬಿಟ್ಟೆ. ಲೈನಿನ ನಂಬರ್ ಸುಮ್ನೆ ಇಟ್ಟಿದ್ದಲ್ಲ, ಮೊದಲ 30 ಅಡಿಯ ತೂಕದ ಲೆಕ್ಕ ಅದು. 5 ನಂಬರಿಗೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. 30 ಅಡಿ ಅಳೆದು, ಸುರುಳಿ ಮಾಡಿ, ಅಡುಗೆಮನೆ ತಕ್ಕಡಿ ಮೇಲಿಟ್ಟೆ. 13, 14ರ ಮಧ್ಯೆ ಕುಣಿಯಿತು. ತೆಗೆದು ಮತ್ತೆ ಇಟ್ಟೆ. ಅದೇ. 8 ನಂಬರಿನ ಲೈನ್‌ಗೆ 210 ಗ್ರೇನ್, ಹದಿಮೂರೂವರೆ ಗ್ರಾಂ! 5ರ ರಾಡಿಗೆ 8ರ ಮುಳುಗುವ ಲೈನ್ ಸುತ್ತಿ ಕೊಟ್ಟಿದ್ದ. ಇಲ್ಲಿ ಹುಳವನ್ನು ದೂರ ಒಯ್ಯುವುದೇ ಲೈನಿನ ತೂಕ. ಅದೇ ತಪ್ಪಾದರೆ ಎಷ್ಟು ಅಭ್ಯಾಸ ಮಾಡಿ ಏನು?

ಮತ್ತೆ ಫೋನ್. ಮೊದಲು "ಸ್ವಲ್ಪ ಭಾರ ಇದ್ರೆ ಹೊಸಬರಿಗೆ ಒಳ್ಳೇದು ಸರ್". ಒಂದು ನಂಬರ್ ಜಾಸ್ತಿ ಹಾಕುವವರು ಇದ್ದಾರೆ, ಗೊತ್ತು. ಮೂರು ನಂಬರಾ? ಆಮೇಲೆ "ಸುತ್ತಿದ ಲೈನ್ ವಾಪಸ್ ತಗೊಳ್ಳಲ್ಲ ಸರ್". ಸುತ್ತಿದ್ದು ಯಾರು? ಅವನೇ! ಕೊನೆಗೆ ಏನಂದ ಗೊತ್ತಾ? "8 ವೆಯ್ಟ್ ರಾಡೂ ಇದೆ ಸರ್, ತಗೊಂಡ್ರೆ ಡಿಸ್ಕೌಂಟ್ ಕೊಡ್ತೀನಿ." ಮೈಯೆಲ್ಲಾ ಉರಿದುಹೋಯಿತು.

ಲೀಡರ್ ಕಥೆ ಇನ್ನೊಂದು. ಲೈನಿಗೆ ಕಟ್ಟುವ ಕಡೆ ದಪ್ಪ ಇದ್ದು ತುದಿಗೆ ಬರುತ್ತಾ ಸಣ್ಣಗಾಗಬೇಕು, ಆಗಲೇ ಅದು ಗಾಳಿಯಲ್ಲಿ ಬಿಚ್ಚಿಕೊಂಡು ನೆಟ್ಟಗೆ ಬೀಳುವುದು. ಬೆರಳಲ್ಲಿ ಹಿಡಿದು ಎಳೆದು ನೋಡಿದೆ. ಈ ತುದಿಯಿಂದ ಆ ತುದಿವರೆಗೂ ಒಂದೇ ದಪ್ಪ. ಮಾಮೂಲಿ ಗಾಳದ ದಾರ ಕತ್ತರಿಸಿ ಕವರಿಗೆ ಹಾಕಿದ್ದಾನೆ! ಕೇಳಿದರೆ "ಮೀನಿಗೆ ಗೊತ್ತಾಗುತ್ತಾ ಸರ್?"

ಡಬ್ಬಿ ಮೇಲೆ ಡಬ್ಲ್ಯೂಎಫ್-5-ಎಫ್ ಅಂತ ಇರಬೇಕು. ಡಬ್ಲ್ಯೂಎಫ್ ಅಂದರೆ ಮುಂದಿನ ಭಾಗ ಭಾರ ಇರುವ ಲೈನ್. ಮಧ್ಯದ ನಂಬರ್ ರಾಡಿನ ನಂಬರೇ ಆಗಿರಲಿ. ಕೊನೆಯಲ್ಲಿ ಎಫ್ ಇದ್ದರೆ ತೇಲುತ್ತದೆ, ಎಸ್ ಇದ್ದರೆ ಮುಳುಗುತ್ತದೆ. ಲೀಡರ್ 9 ಅಡಿಯ 5 ಎಕ್ಸ್ ತಗೊಳ್ಳಿ. ಕೊಕ್ಕೆಯ ಅಳತೆ 14, 16 ಇರುವ ಸಣ್ಣ ಹುಳಗಳಿಗೆ ಸಾಕು, ಎಕ್ಸ್ ಹೆಚ್ಚಾದಷ್ಟೂ ತುದಿ ತೆಳು. ಬೆರಳಲ್ಲಿ ಎಳೆದು ನೋಡದೆ ಬಿಡಬೇಡಿ. ಡಬ್ಬಿ ಬಿಸಾಕಿಬಿಟ್ಟೆ ಅಂತ ಯಾರಾದರೂ ಹೇಳಿದರೆ ಮರುಮಾತಾಡದೆ ಎದ್ದು ಬನ್ನಿ.