ಹದಿನೈದು ನಿಮಿಷ ಹಾರಿಸಿದರು, ಹತ್ತು ಸೆಕೆಂಡ್ ಹಾರಿದೆ

ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಸಮುದ್ರದ ದಡದಲ್ಲಿ ಮೂರು ತರಹ ಹಾರಿ ನೋಡಿದ್ದೇನೆ. ದೋಣಿ ಎಳೆಯುವ ಪ್ಯಾರಾಸೇಲಿಂಗ್, ಪೈಲಟ್ ಜೊತೆ ಕೂತು ಹಾರುವ ಪ್ಯಾರಾಗ್ಲೈಡಿಂಗ್, ಆಮೇಲೆ ಗಟ್ಟಿ ಚೌಕಟ್ಟಿನ ರೆಕ್ಕೆಯ ಕೆಳಗೆ ತೂಗಿಕೊಂಡು ಹಾರುವ ಹ್ಯಾಂಗ್ ಗ್ಲೈಡಿಂಗ್. ತಲೆ ಕೆಡಿಸಿದ್ದು ಈ ಮೂರನೆಯದು. ಮೂಡಿಗೆರೆ ಹತ್ತಿರ ಆರು ಎಕರೆ ರೋಬಸ್ಟಾ ಕಾಫಿ, ಅದರ ನಡುವೆ ಮೆಣಸಿನ ಬಳ್ಳಿ, ಇಷ್ಟು ನನ್ನ ಆಸ್ತಿ. ತೂಕ 84 ಕೆಜಿ. ಈ ಎರಡೂ ವಿಷಯ ಮುಂದೆ ಬೇಕಾಗುತ್ತವೆ.

ಪ್ಯಾರಾಸೇಲಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಸರಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಚಾರ್ಮಾಡಿ ಇಳಿದು ನಮ್ಮ ಕರಾವಳಿಯ ಒಂದು ಬೀಚಿಗೆ ಹೋಗಿದ್ದೆವು. ಯಾವ ಬೀಚು, ಯಾರ ದೋಣಿ ಅಂತ ಬೇಡ, ಅವರದ್ದೂ ಹೊಟ್ಟೆಪಾಡು. ತಲೆಗೆ 1,200 ರೂಪಾಯಿ. ನೀರಿಗೆ ಅದ್ದುವುದು ಬೇಡ, ಜೇಬಲ್ಲಿ ಮೊಬೈಲ್ ಇದೆ ಅಂತ ಎರಡು ಸಲ ಹೇಳಿದ್ದೆ. ಹುಡುಗ ತಲೆಯಾಡಿಸಿದ. ಮೇಲೆ ಹೋಗಿ ನಾಲ್ಕು ನಿಮಿಷ ಆಗಿಲ್ಲ, ದೋಣಿ ನಿಧಾನ ಮಾಡಿ ಸೊಂಟದವರೆಗೆ ಅದ್ದಿಯೇ ಬಿಟ್ಟ. ಮೊಬೈಲ್ ಹೋಯಿತು. ದಡದಲ್ಲಿ ಇಳಿದ ತಕ್ಷಣ ಕೇಳಿದ್ದು, "ವಿಡಿಯೋ ಬೇಕಾ ಸಾರ್? ಬರೀ 300." ಹಲಸಿನ ಹಣ್ಣನ್ನು ಮರದಿಂದ ಹಗ್ಗ ಕಟ್ಟಿ ಇಳಿಸುತ್ತೇವಲ್ಲ, ನನ್ನ ಪಾಡು ಹಾಗೇ ಆಗಿತ್ತು. ಹಣ್ಣಿಗೆ ಮಾಡುವ ಕೆಲಸ ಏನೂ ಇರುವುದಿಲ್ಲ. ಮಕ್ಕಳಿಗೆ ಮಾತ್ರ ಬಹಳ ಖುಷಿಯಾಯಿತು, ಅದನ್ನೂ ಹೇಳಬೇಕು.

ಕೇರಳದ ವರ್ಕಲದ ಪ್ಯಾರಾಗ್ಲೈಡಿಂಗ್ ಹಾಗಲ್ಲ. ಅಲ್ಲಿ ಹಗ್ಗ ಇಲ್ಲ, ದೋಣಿ ಇಲ್ಲ. ಮುರಕಲ್ಲಿನ ದೊಡ್ಡ ಕಡಿದಾದ ದಿಬ್ಬ, ಅದರ ಬುಡದಲ್ಲೇ ಸಮುದ್ರ. ನೀರಿನ ಮೇಲಿಂದ ಅಡೆತಡೆ ಇಲ್ಲದೆ ಬರುವ ಗಾಳಿ ದಿಬ್ಬಕ್ಕೆ ಬಡಿದು ಮೇಲಕ್ಕೇಳುತ್ತದೆ. ಹಾಗೆ ಏಳುವ ಗಾಳಿಯ ಮೇಲೆಯೇ ಗ್ಲೈಡರ್ ನಿಲ್ಲುತ್ತದೆ. ಗರುಡಗಳೂ ಅದನ್ನೇ ಹಿಡಿದು ರೆಕ್ಕೆ ಬಡಿಯದೆ ತೇಲುತ್ತಿರುತ್ತವೆ. ನೋಡಿದರೆ ಸುಲಭ ಅನ್ನಿಸುತ್ತದೆ.

ತಾಪತ್ರಯ ಶುರುವಾಗಿದ್ದು ಗಾಳಿಯಿಂದಲೇ. ನಾನು ಹೋದದ್ದು ಮಾರ್ಚ್ ಮೊದಲ ವಾರ. ಕೊಯ್ಲು ಮುಗಿದು, ಕಾಫಿ ಹೂ ಬಿಡಿಸುವ ಹೂಮಳೆಗೆ ಆಕಾಶ ನೋಡುತ್ತಾ ಕೂರುವ ದಿನಗಳು. ಬೆಳಗ್ಗೆ ಒಂಬತ್ತಕ್ಕೆ ಬನ್ನಿ ಅಂದಿದ್ದರು. ರಾತ್ರಿ ರೈಲಿನಲ್ಲಿ ಮಂಗಳೂರಿಂದ ಬಂದವನು ಪುಟ್ಟು ಕಡಲೆ ತಿಂದು ಎಂಟೂಮುಕ್ಕಾಲಿಗೇ ಹೋಗಿ ನಿಂತೆ. ಗಾಳಿ ಇತ್ತು, ಆದರೆ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುತ್ತಿತ್ತು. ಅದು ಬೆನ್ನ ಹಿಂದಿನ ಗಾಳಿ. ಅದರಲ್ಲಿ ದಿಬ್ಬದಿಂದ ಕಾಲು ತೆಗೆದರೆ ಎತ್ತುವುದಿಲ್ಲ, ಕೆಳಕ್ಕೆ ಒತ್ತುತ್ತದೆ. ನೆಲ ಕಾದು, ಅದರ ಮೇಲಿನ ಗಾಳಿ ಬಿಸಿಯಾಗಿ ಏಳಬೇಕು. ಆ ಜಾಗ ತುಂಬಲು ಸಮುದ್ರದ ತಂಪು ಗಾಳಿ ಒಳಗೆ ಬರಬೇಕು. ಅಷ್ಟಾಗುವಾಗ ಹೆಚ್ಚುಕಡಿಮೆ ಮಧ್ಯಾಹ್ನ. ಇದು ಅವರಿಗೆ ಗೊತ್ತಿಲ್ಲದ ವಿಷಯವೇ? ಮತ್ತೆ ಒಂಬತ್ತು ಗಂಟೆ ಅಂದದ್ದು ಯಾಕೆ? ಅಡ್ವಾನ್ಸ್ ಕೊಟ್ಟವರು ಎದುರಿಗೇ ಕೂತಿರಲಿ ಅಂತ ಕಾಣುತ್ತದೆ.

ಹನ್ನೆರಡೂವರೆಗೆ ಗಾಳಿ ತಿರುಗಿತು. ಇನ್ನೇನು ನನ್ನ ಸರದಿ ಅಂದುಕೊಂಡರೆ, ಒಬ್ಬ ತೂಕದ ಯಂತ್ರ ತಂದಿಟ್ಟ. ಗಾಳಿ ಕಡಿಮೆ ಇರುವಾಗ ಹಗುರ ಇರುವವರು ಮೊದಲಂತೆ. ನನಗಿಂತ ಎರಡು ಗಂಟೆ ತಡವಾಗಿ ಬಂದ ಕಾಲೇಜು ಹುಡುಗಿಯರೆಲ್ಲ ಹಾರಿ ಇಳಿದರು. ನನ್ನ ಹೆಸರು ಕರೆದಾಗ ನಾಲ್ಕು ಗಂಟೆ. ಅಷ್ಟರಲ್ಲಿ ಗಾಳಿ ಜಾಸ್ತಿಯಾಯಿತು. ಪ್ಯಾರಾಗ್ಲೈಡರಿನಲ್ಲಿ ಗಟ್ಟಿ ಚೌಕಟ್ಟು ಇಲ್ಲ, ಬರೀ ಬಟ್ಟೆ ಮತ್ತು ದಾರ. ಅದರ ವೇಗವೂ ಗಂಟೆಗೆ 35-40 ಕಿಲೋಮೀಟರ್ ಆಸುಪಾಸು. ಎದುರುಗಾಳಿ ಅದರ ಹತ್ತಿರ ಹತ್ತಿರ ಬಂದರೆ ಮುಂದೆ ಹೋಗುವುದಿಲ್ಲ, ಹಿಂದಕ್ಕೆ ತಳ್ಳಿಸಿಕೊಂಡು ದಿಬ್ಬದ ಮೇಲಿನ ಅಂಗಡಿ, ತೆಂಗಿನಮರಗಳ ಮೇಲೆ ಬೀಳಬೇಕಾಗುತ್ತದೆ. ಪೈಲಟ್ ಗಾಳಿ ಅಳೆಯುವ ಪುಟ್ಟ ಯಂತ್ರ ನೋಡಿ, ಬಟ್ಟೆ ಮಡಚಿದ. ಮಡಚಿದ್ದು ಸರಿಯೇ. ಕಣದಲ್ಲಿ ಕಾಫಿ ಮುಚ್ಚುವ ಟಾರ್ಪಾಲನ್ನು ಜೋರು ಗಾಳಿಯಲ್ಲಿ ನಾಲ್ಕು ಜನ ಹಿಡಿದರೂ ನಿಲ್ಲುವುದಿಲ್ಲ. ನನಗೆ ಅದು ಗೊತ್ತು.

ಎರಡನೇ ದಿನ ಮೋಡ. ನೆಲ ಕಾಯಲಿಲ್ಲ, ಗಾಳಿ ಬರಲಿಲ್ಲ. ಲಾಡ್ಜಿಗೆ ಇನ್ನೊಂದು ದಿನದ ಬಾಡಿಗೆ. ಸಂಜೆ ಹೆಂಡತಿ ಫೋನು: "ಇಲ್ಲಿ ಗುಡುಗ್ತಾ ಇದೆ. ನೀವು ಅಲ್ಲಿ ಗಾಳಿ ಕಾಯ್ತಾ ಕೂತಿರಿ." ಅವಳಿಗೆ ಈ ಹಾರುವ ಹುಚ್ಚಿನ ಬಗ್ಗೆ ಮೊದಲಿಂದಲೂ ಸಿಟ್ಟು. 2023ರ ಮಾರ್ಚಿನಲ್ಲಿ ಇದೇ ವರ್ಕಲದ ಪಾಪನಾಶಂನಲ್ಲಿ ಗ್ಲೈಡರ್ ಹೈಮಾಸ್ಟ್ ದೀಪದ ಕಂಬಕ್ಕೆ ಸಿಕ್ಕಿ ಇಬ್ಬರು ಮೇಲೆ ನೇತಾಡಿದ್ದನ್ನು ಅವಳು ಟಿವಿಯಲ್ಲಿ ನೋಡಿದ್ದಳು. ಇಬ್ಬರೂ ಬದುಕಿದರು ಅನ್ನುವುದನ್ನು ನಾನು ನೆನಪಿಸಿದರೆ ಕೇಳಿಸಿಕೊಳ್ಳುವುದಿಲ್ಲ.

ಮೂರನೇ ದಿನ ಮಧ್ಯಾಹ್ನ 1.40ಕ್ಕೆ ಹಾರಿದೆ. 3,500 ರೂಪಾಯಿಗೆ ಹದಿನೈದು ನಿಮಿಷ. ನಾಲ್ಕು ಹೆಜ್ಜೆ ಓಡಿದ್ದಷ್ಟೇ ನನ್ನ ಕೆಲಸ, ಆಮೇಲೆ ಕುರ್ಚಿಯಲ್ಲಿ ಕೂತಂತೆ. ಕೆಳಗೆ ಕೆಂಪು ದಿಬ್ಬ, ಬಿಳಿ ನೊರೆ, ಇರುವೆ ಸಾಲಿನ ಹಾಗೆ ಜನ. ಚೆನ್ನಾಗಿತ್ತು, ತುಂಬಾ ಚೆನ್ನಾಗಿತ್ತು. ಹಿಮಾಚಲದ ಹುಡುಗ ಪೈಲಟ್ ನನ್ನ ಬೆನ್ನ ಹಿಂದೆ ಕೂತು ಏನೋ ಹಾಡು ಗುನುಗುತ್ತಿದ್ದ. ದಾರ ಎಳೆದು ಗ್ಲೈಡರ್ ತಿರುಗಿಸುವ ಬ್ರೇಕಿನ ಹಿಡಿಗಳನ್ನು ನನ್ನ ಕೈಗೂ ಕೊಟ್ಟ. ಆದರೆ ತನ್ನ ಕೈ ಬಿಡಲಿಲ್ಲ. ಸೈಕಲ್ ಕಲಿಯುವ ಮಗುವಿಗೆ ನೀನೇ ಓಡಿಸ್ತಾ ಇದ್ದೀಯ ಅಂತ ಹೇಳುವ ಹಾಗೆ ಇತ್ತು.

ಈಗ ನನ್ನ ಇಷ್ಟದ್ದಕ್ಕೆ ಬರುತ್ತೇನೆ. ಅಕ್ಕ, ಭಾವ ಇರುವುದು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿಯಲ್ಲಿ. ಒಂದು ಅಕ್ಟೋಬರಿನಲ್ಲಿ, ಕೊಯ್ಲಿಗೆ ಇನ್ನೂ ಸಮಯ ಇದೆ ಅಂತ, ಹೋಗಿದ್ದೆ. ಟಿಕೆಟ್ ಭಾವನದು. ಅಲ್ಲಿಂದ ಮೂರೂವರೆ ಗಂಟೆ ಕಾರಿನಲ್ಲಿ ಹೋದರೆ ನ್ಯಾಗ್ಸ್ ಹೆಡ್ ಅಂತ ಸಮುದ್ರ ತೀರದ ಊರು. ಅಲ್ಲಿ ಜಾಕೀಸ್ ರಿಡ್ಜ್ ಎಂಬ ಮರಳಿನ ಗುಡ್ಡ ಇದೆ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಹಿನ್ನೀರು. ಸರ್ಕಾರದ ಪಾರ್ಕು, ಯಾರು ಬೇಕಾದರೂ ಹತ್ತಬಹುದು. ಗಾಳಿಗೆ ಗುಡ್ಡ ಜಾಗ ಬದಲಾಯಿಸುತ್ತಲೇ ಇರುತ್ತದೆ.

ಅದರ ಹತ್ತಿರದಲ್ಲೇ ಕಿಲ್ ಡೆವಿಲ್ ಹಿಲ್ಸ್. ರೈಟ್ ಸಹೋದರರು ಗಾಳಿ ಮತ್ತು ಮರಳು ಎರಡೂ ಸಿಗುತ್ತದೆ ಅಂತಲೇ ಈ ಕಡೆಗೆ ಬಂದು, ಮೊದಲು ಗ್ಲೈಡರ್ ಹಾರಿಸಿ ಕೈ ಪಳಗಿಸಿಕೊಂಡರು. 1903ರ ಡಿಸೆಂಬರ್ 17ರಂದು ಎಂಜಿನ್ ಇಟ್ಟು ಹಾರಿದಾಗ ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ಈ ಲೆಕ್ಕ ನೆನಪಿಡಿ. ಹ್ಯಾಂಗ್ ಗ್ಲೈಡರಿನ ರೆಕ್ಕೆಗೆ ಮೂಲವಾದ ಬಟ್ಟೆಯ ರೆಕ್ಕೆ ಫ್ರಾನ್ಸಿಸ್ ರೊಗಾಲೊ ಎಂಬ ಎಂಜಿನಿಯರ್ ಮತ್ತು ಅವರ ಹೆಂಡತಿ ಗರ್ಟ್ರೂಡ್ 1948ರಲ್ಲಿ ಮಾಡಿದ್ದು. ಮೊದಲ ಮಾದರಿಗೆ ಬಳಸಿದ್ದು ಅಡುಗೆಮನೆಯ ಪರದೆ! ನನ್ನಾಕೆಯ ಪರದೆಗೆ ಕೈ ಹಾಕಿದರೆ ಏನಾಗುತ್ತಿತ್ತು ಅಂತ ಯೋಚಿಸಿದೆ.

ಪಾಠ ಮೂರು ಗಂಟೆ, ಐದು ಹಾರಾಟ. ನೂರು ಡಾಲರಿಗಿಂತ ಜಾಸ್ತಿ. ರೂಪಾಯಿಗೆ ತಿರುಗಿಸಿ ನೋಡಬೇಡ ಅಂದರು ಭಾವ. ಗ್ಲೈಡರಿನ ಕೆಳಗೆ ಹೊಟ್ಟೆ ಅಡಿಯಾಗಿ ತೂಗಿಕೊಳ್ಳಬೇಕು. ಎದುರಿಗೆ ಒಂದು ಕೊಳವೆ. ಅದನ್ನು ಎದೆಗೆ ಎಳೆದುಕೊಂಡರೆ ಮೂತಿ ತಗ್ಗಿ ವೇಗ ಜಾಸ್ತಿ. ದೂರ ತಳ್ಳಿದರೆ ಮೂತಿ ಎದ್ದು ವೇಗ ಕಮ್ಮಿ. ಮೈಯನ್ನು ಎಡಕ್ಕೆ ಸರಿಸಿದರೆ ಎಡಕ್ಕೆ ತಿರುಗುತ್ತದೆ. ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ, ನನ್ನ 84 ಕೆಜಿಯೇ ಎಲ್ಲ. ವರ್ಕಲದಲ್ಲಿ ಸಾಲಿನ ಕೊನೆಗೆ ತಳ್ಳಿದ ತೂಕ ಇಲ್ಲಿ ಕೆಲಸಕ್ಕೆ ಬಂತು.

ಮೊದಲ ಸಲ ಗಾಬರಿಯಲ್ಲಿ ಕೊಳವೆ ದೂರ ತಳ್ಳಿದೆ. ನೆಲ ಎದುರಿಗೆ ಬಂದರೆ ಯಾರಾದರೂ ಹಾಗೇ ಮಾಡುತ್ತಾರೆ. ಮೂತಿ ಎದ್ದಿತು, ವೇಗ ಸತ್ತಿತು, ದೊಪ್ಪನೆ ಮರಳಿಗೆ ಬಿದ್ದೆ. ಬಾಯಿ ತುಂಬ ಮರಳು. ಕೆಳಗೆ ನಿಂತ ಭಾವ ಕೂಗಿದರು, "ಇದಕ್ಕೇನೋ ಇಷ್ಟು ದೂರ ಬಂದಿದ್ದು?" ಕಲಿಸುವ ಹುಡುಗಿಗೆ ಇಪ್ಪತ್ತೆರಡು ವರ್ಷ ಇರಬಹುದು. ರೆಕ್ಕೆಗೆ ಕಟ್ಟಿದ ಹಗ್ಗ ಹಿಡಿದು ಪಕ್ಕದಲ್ಲೇ ಓಡುತ್ತಾಳೆ. ಹಿಡಿತ ಸಡಿಲ ಮಾಡು, ಎರಡು ಬೆರಳು ಸಾಕು, ಕಾಲ ಬುಡ ನೋಡಬೇಡ ಅಂದಳು. ಮತ್ತೆ ಗುಡ್ಡ ಹತ್ತು. ನೆಲದ ಮೇಲೆ ಐವತ್ತು ಕೆಜಿ ಮೂಟೆ ಹೊತ್ತವನು ನಾನು. ಆದರೂ ಜಾರುವ ಮರಳಿನಲ್ಲಿ ಮೂವತ್ತು ಕೆಜಿ ಹತ್ತಿರದ ರೆಕ್ಕೆಗೆ ಹೆಗಲು ಕೊಡುವುದು ಬೇರೆಯೇ ಕಷ್ಟ.

ನಾಲ್ಕನೆಯದರಲ್ಲಿ ಸರಿಹೋಯಿತು. ಓಡುತ್ತಿದ್ದೆ, ಕಾಲಿಗೆ ನೆಲ ಸಿಗಲಿಲ್ಲ. ಒಂದಾಳೆತ್ತರ, ಅಷ್ಟೇ. ಬಲಗಡೆ ರೆಕ್ಕೆ ತುಸು ಎದ್ದಿತು. ನಾನು ಬಲಕ್ಕೆ ಸರಿದೆ. ರೆಕ್ಕೆ ಇಳಿದು ಸಮ ಆಯಿತು. ಸರಿ ಮಾಡಿದ್ದು ನಾನು, ಬೇರೆ ಯಾರೂ ಅಲ್ಲ. ಇಳಿಯುವಾಗ ಕೊಳವೆ ಪೂರ್ತಿ ತಳ್ಳಿ ಕಾಲ ಮೇಲೇ ನಿಂತೆ. ಭಾವ ಮೊಬೈಲಿನಲ್ಲಿ ಲೆಕ್ಕ ಹಾಕಿದ್ದರು, 10 ಸೆಕೆಂಡ್. ರೈಟ್ ಸಹೋದರರಿಗಿಂತ ಎರಡೇ ಕಮ್ಮಿ ಅಂತ ಅಕ್ಕ ಇವತ್ತಿಗೂ ಹೇಳಿ ನಗುತ್ತಾಳೆ.

ಫೋಟೋ ಬೇಕಾದರೆ ವರ್ಕಲ. ಮಕ್ಕಳಿದ್ದರೆ ಪ್ಯಾರಾಸೇಲಿಂಗ್, ಮೊಬೈಲ್ ದಡದಲ್ಲಿ ಬಿಟ್ಟು. ಮಂಡಿ ನೋವಿದ್ದವರು ಮರಳುಗುಡ್ಡದ ಕಡೆ ತಲೆ ಹಾಕಬೇಡಿ. ಊಟದಲ್ಲಿ ವರ್ಕಲಕ್ಕೆ ಸಾಟಿ ಇಲ್ಲ.

ನಮ್ಮ ಮುಳ್ಳಯ್ಯನಗಿರಿಯಿಂದಲೇ ಹಾರಬಹುದಲ್ಲ ಅಂತ ಊರಲ್ಲಿ ಕೇಳುತ್ತಾರೆ. ಗಿರಿಯಲ್ಲಿ ಗಾಳಿಗೇನೂ ಬರ ಇಲ್ಲ. ಆದರೆ ಗುಡ್ಡ, ಕಣಿವೆಗಳ ನಡುವೆ ಸುತ್ತಿ ಸುಳಿಯಾಗಿ ಬರುವ ಗಾಳಿ, ಬಿದ್ದರೆ ಬಂಡೆ. ಕಲಿಯುವವನಿಗೆ ಸಮುದ್ರದ ನೇರ ಗಾಳಿ, ಕೆಳಗೆ ಮೆತ್ತನೆ ಮರಳು ಇರಬೇಕು. ಮರಳಲ್ಲಿ ಮೊದಲ ಸಲ ನಾನು ಬಿದ್ದ ಹಾಗೆ ಗಿರಿಯಲ್ಲಿ ಬಿದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಹಾಗಂತ ಹತ್ತು ಸೆಕೆಂಡಿಗೆ ವರ್ಷ ವರ್ಷ ಅಮೆರಿಕಕ್ಕೆ ಹೋಗಲು ಆಗುತ್ತದಾ? ಭಾವ ಇನ್ನೊಂದು ಸಲ ಟಿಕೆಟ್ ಕೊಡುವ ಹಾಗೆ ಕಾಣುವುದಿಲ್ಲ. ಹ್ಯಾಂಗ್ ಗ್ಲೈಡರ್ ಕೊಂಡರೂ ಮಡಚಿದ ಮೇಲೂ ಏಣಿಯಷ್ಟು ಉದ್ದ. ನನ್ನ ಹಳೇ ಮಾರುತಿಯ ಮೇಲೆ ಕಟ್ಟಿಕೊಂಡು ಚಾರ್ಮಾಡಿ ತಿರುವುಗಳಲ್ಲಿ ಇಳಿಯುವುದನ್ನು ಊಹಿಸಲೂ ಆಗುವುದಿಲ್ಲ. ಪ್ಯಾರಾಗ್ಲೈಡರ್ ಆದರೆ ಬೆನ್ನ ಚೀಲದಲ್ಲಿ ಹೋಗುತ್ತದೆ, ಬಸ್ಸಿನಲ್ಲೂ ಒಯ್ಯಬಹುದು. ಪುಣೆ ಹತ್ತಿರದ ಕಾಮಶೇತಿನಲ್ಲಿ ಚಿಕ್ಕ ಗುಡ್ಡಗಳ ಮೇಲೆ ಒಬ್ಬರೇ ಹಾರುವುದನ್ನು ಕೆಲವು ದಿನಗಳ ಕೋರ್ಸಿನಲ್ಲಿ ಕಲಿಸುತ್ತಾರೆ. ಹಿಂದೆ ಪೈಲಟ್ ಇರುವುದಿಲ್ಲ. ನನಗೆ ಅಷ್ಟು ಸಾಕು.

ಈ ಸಲದ ಮೆಣಸಿನ ದುಡ್ಡಲ್ಲಿ ಒಂದು ಪಾಲು ಅದಕ್ಕೆಂದೇ ತೆಗೆದಿಟ್ಟಿದ್ದೇನೆ. ನವೆಂಬರಿನಲ್ಲಿ, ರೋಬಸ್ಟಾ ಹಣ್ಣಾಗುವ ಮೊದಲು ಹೋಗಬೇಕು. ಹೆಂಡತಿಗೆ ಇನ್ನೂ ಹೇಳಿಲ್ಲ.