ಹಾಳೆ ತಟ್ಟೆ ಕಂಪನಿಯ ಆಡಿಟ್: ದುರ್ಗಿಗುಡಿಯ ಒಂದು ಸಿಎ ಕಚೇರಿಯ ಸೇವೆ ಹೇಗಿದೆ?

ಅಡಿಕೆ ಹಾಳೆಯಿಂದ ತಟ್ಟೆ, ಬಟ್ಟಲು ಮಾಡಿ ಮಾರುವ ನಮ್ಮ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಲೆಕ್ಕ ಪರಿಶೋಧನೆಯನ್ನು ಕೆಲವು ವರ್ಷಗಳಿಂದ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಒಂದು ಚಾರ್ಟರ್ಡ್ ಅಕೌಂಟೆಂಟ್ ಕಚೇರಿ ಮಾಡಿಕೊಂಡು ಬಂದಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇಂಥದೇ ಉದ್ದಿಮೆ ನಡೆಸುವ ಪರಿಚಯದವರು ‘ಅವರ ಕೆಲಸ ಹೇಗೆ, ಫೀಸು ಎಷ್ಟು, ಬಹಳ ಕಾಡುತ್ತಾರಂತಲ್ಲ’ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಕೆಲಸ ಗಟ್ಟಿ, ಸಮಯಪಾಲನೆ ಸಾಧಾರಣ, ಫೀಸಿನ ಮಾತು ಅಸ್ಪಷ್ಟ. ಕಾಡುತ್ತಾರೆ ಎಂಬುದೂ ನಿಜವೇ. ಆದರೆ ಆ ಕಾಟದ ಮೂಲ ದುರ್ಗಿಗುಡಿಗಿಂತ ಹೆಚ್ಚಾಗಿ ದೆಹಲಿಯಲ್ಲಿದೆ.

2009ರ ಜನವರಿಯಲ್ಲಿ ಹೈದರಾಬಾದಿನ ಐಟಿ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರೇ ಇಲ್ಲದ ಹಣವನ್ನು ಲೆಕ್ಕದಲ್ಲಿ ತೋರಿಸಿದ್ದಾಗಿ ಪತ್ರ ಬರೆದು ಒಪ್ಪಿಕೊಂಡ ಮೇಲೆ, ಆಡಿಟರುಗಳ ತಪ್ಪನ್ನು ಆಡಿಟರುಗಳ ಸಂಸ್ಥೆಯೇ ವಿಚಾರಿಸಿದರೆ ಸಾಕೇ ಎಂಬ ಪ್ರಶ್ನೆ ದೇಶದಲ್ಲಿ ಬಲವಾಯಿತು. 2013ರ ಕಂಪನಿಗಳ ಕಾಯ್ದೆಯ 132ನೇ ಕಲಂ ಅದಕ್ಕೆ ಉತ್ತರವಾಗಿ ಬಂದರೂ, ಅದರಡಿ ದೆಹಲಿಯಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ, ಅಂದರೆ ಎನ್‌ಎಫ್‌ಆರ್‌ಎ, ರಚನೆಯಾದದ್ದು 2018ರ ಅಕ್ಟೋಬರ್ 1ರಂದು. ವೃತ್ತಿಯಲ್ಲಿ ದುರ್ನಡತೆ ಸಾಬೀತಾದರೆ ಪಡೆದ ಶುಲ್ಕದ 5 ಪಟ್ಟಿನವರೆಗೆ ವ್ಯಕ್ತಿಗೂ, 10 ಪಟ್ಟಿನವರೆಗೆ ಸಂಸ್ಥೆಗೂ ದಂಡ ಹಾಕುವ, 6 ತಿಂಗಳಿಂದ 10 ವರ್ಷದವರೆಗೆ ವೃತ್ತಿಯಿಂದ ಹೊರಗಿಡುವ ಅಧಿಕಾರ ಅದಕ್ಕಿದೆ.

ಇದು ನಮ್ಮ ಮಲೆನಾಡಿಗೆ ದೂರದ ಸುದ್ದಿಯಲ್ಲ. ಚಿಕ್ಕಮಗಳೂರಿನ ತೋಟಗಳಿಂದ ಬೆಳೆದ ಕಾಫಿ ಡೇ ಸಮೂಹದಲ್ಲಿ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿಯನ್ನು ಪ್ರವರ್ತಕರಿಗೆ ಸಂಬಂಧಿಸಿದ ಇನ್ನೊಂದು ಕಂಪನಿಗೆ ವರ್ಗಾಯಿಸಲಾಗಿದೆ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರ ಜನವರಿಯಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ರೂಪಾಯಿ ದಂಡ ವಿಧಿಸಿತು; ಕಂಪನಿ ಮೇಲ್ಮನವಿಗೆ ಹೋಯಿತು. ಅದೇ ವರ್ಷ ಎನ್‌ಎಫ್‌ಆರ್‌ಎ ಆ ಸಮೂಹದ ಲೆಕ್ಕಕ್ಕೆ ಸಹಿ ಹಾಕಿದ್ದ ಪರಿಶೋಧಕರ ವಿರುದ್ಧವೂ ಆದೇಶ ಹೊರಡಿಸಿತು. ಆ ಬಳಿಕ ನಮ್ಮ ಭಾಗದ ಸಿಎ ಕಚೇರಿಗಳಲ್ಲಿ ಪೆನ್ನು ಎತ್ತುವ ಮುಂಚೆ ಎರಡು ಸಲ ಯೋಚಿಸುವ ಅಭ್ಯಾಸ ಬಂದಿದೆ ಎಂಬುದು ನನ್ನ ಅನಿಸಿಕೆ.

ಎನ್‌ಎಫ್‌ಆರ್‌ಎ ನೋಡುವುದು ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು, ಬ್ಯಾಂಕು, ವಿಮಾ ಕಂಪನಿಗಳು, 500 ಕೋಟಿಗೆ ಕಡಿಮೆಯಿಲ್ಲದ ಬಂಡವಾಳ ಅಥವಾ ಸಾಲ ಇಲ್ಲವೇ 1,000 ಕೋಟಿಗೆ ಕಡಿಮೆಯಿಲ್ಲದ ವಹಿವಾಟು ಇರುವ ಪಬ್ಲಿಕ್ ಕಂಪನಿಗಳು, ಇಂಥ ದೊಡ್ಡವರ ಲೆಕ್ಕವನ್ನು. ಹಾಳೆ ತಟ್ಟೆಯವರ ಹೆಸರು ಅದರ ಕಿವಿಗೆ ಬೀಳುವ ಸಂಭವವೇ ಇಲ್ಲ. ಆದರೆ ಪರಿಶೋಧನಾ ಮಾನದಂಡಗಳು ದೊಡ್ಡವರಿಗೂ ಸಣ್ಣವರಿಗೂ ಒಂದೇ. ಸಿಎಗಳ ಸಂಸ್ಥೆ ನಡೆಸುವ ಪೀರ್ ರಿವ್ಯೂದಲ್ಲಿ, ಅಂದರೆ ಒಬ್ಬ ಸಿಎ ಮಾಡಿದ ಕೆಲಸವನ್ನು ಇನ್ನೊಬ್ಬ ಸಿಎ ಪರಿಶೀಲಿಸುವಾಗ, ನಮ್ಮಂಥವರ ಕಡತವನ್ನೂ ತೆಗೆದು ನೋಡಬಹುದು. ಕಚೇರಿಯ ಹಿರಿಯ ಪಾಲುದಾರರು ಮೊದಲ ಭೇಟಿಯಲ್ಲೇ, ‘ನೋಡಿ ಸರ್, ನಾನು ಪರೀಕ್ಷೆ ಮಾಡಿದ್ದೇನೆ ಅಂತ ಬಾಯಲ್ಲಿ ಹೇಳಿದರೆ ಈಗ ಯಾರೂ ಒಪ್ಪುವುದಿಲ್ಲ, ಫೈಲಿನಲ್ಲಿ ಇಲ್ಲದ ಕೆಲಸ ಮಾಡದ ಕೆಲಸವೇ’ ಎಂದಿದ್ದರು. ಅವರ ಸೇವೆಯ ಗುಣವೂ ದೋಷವೂ ಈ ಒಂದು ಮಾತಿನಲ್ಲಿವೆ.

ಗುಣಕ್ಕೆ ಉದಾಹರಣೆಯಾಗಿ ಮಾರ್ಚ್ 31ರ ದಾಸ್ತಾನು ಎಣಿಕೆಯನ್ನು ಹೇಳಬೇಕು. ಹಾಳೆ ಬೀಳುವುದೂ ಒಣಗುವುದೂ ಬೇಸಿಗೆಯಲ್ಲೇ ಆದ್ದರಿಂದ ಆ ದಿನ ನಮ್ಮ ಗೋದಾಮು ಮಾಡಿನವರೆಗೆ ತುಂಬಿರುತ್ತದೆ. ಹಿಂದೆ ಬೇರೊಬ್ಬರು ಆಡಿಟ್ ಮಾಡುತ್ತಿದ್ದಾಗ ನಾವು ಬರೆದುಕೊಟ್ಟ ಪಟ್ಟಿಯೇ ಲೆಕ್ಕವಾಗುತ್ತಿತ್ತು. ಈ ಕಚೇರಿಯಿಂದ ಬಂದ ಆರ್ಟಿಕಲ್ ವಿದ್ಯಾರ್ಥಿನಿ, ಅಂದರೆ ಸಿಎ ಓದುತ್ತಾ ಅಲ್ಲಿ ತರಬೇತಿ ಪಡೆಯುತ್ತಿರುವ ಹುಡುಗಿ, ಹೊರಸಾಲಿನ ಕಟ್ಟುಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ‘ಅಣ್ಣಾ, ಆ ಗೋಡೆ ಪಕ್ಕದ ಕಟ್ಟು ಸ್ವಲ್ಪ ಬಿಚ್ಚಿ ತೋರಿಸ್ತೀರಾ’ ಎಂದು ನಮ್ಮ ಗೋದಾಮಿನವರನ್ನು ಕೇಳಿ ಒಳಗಿನದನ್ನು ತೆಗೆಸಿದಾಗ, ಹಿಂದಿನ ಮಳೆಗಾಲದ ಬೂಷ್ಟು ಹಿಡಿದ ಹಾಳೆ ಹೊರಬಂತು. ಒಗೆದರೂ ಅದರ ಕಪ್ಪು ಚುಕ್ಕೆ ಹೋಗದು; ಅಂಥ ತಟ್ಟೆಯನ್ನು ಮದುವೆ ಮನೆಯವರು ಮುಟ್ಟುವುದಿಲ್ಲ. ಕೊಂಡ ಬೆಲೆ ಮತ್ತು ಮಾರಿದರೆ ಸಿಗುವ ಬೆಲೆಗಳಲ್ಲಿ ಕಡಿಮೆಯದನ್ನೇ ಹಿಡಿಯಬೇಕೆಂಬುದು ಲೆಕ್ಕದ ನಿಯಮವಾದ್ದರಿಂದ ಆ ವರ್ಷ ನಮ್ಮ ಲಾಭ ಇಳಿಯಿತು. ಇನ್ನೊಬ್ಬ ನಿರ್ದೇಶಕರಿಗೆ ಇದು ಹಿಡಿಸಲಿಲ್ಲ. ನನಗೆ ಮಾತ್ರ ಫೀಸು ಕೊಟ್ಟದ್ದು ಸಾರ್ಥಕ ಎನಿಸಿತು.

ಎಡಿಟ್ ಲಾಗ್, ಅಂದರೆ ಲೆಕ್ಕದಲ್ಲಿ ಮಾಡಿದ ತಿದ್ದುಪಡಿಗಳ ದಾಖಲೆ, ಈ ವಿಷಯದಲ್ಲೂ ಅವರದು ಬಿಗಿ. ಎರಡು ಸಲ ಮುಂದಕ್ಕೆ ಹೋಗಿ ಕೊನೆಗೆ 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ, ಕಂಪನಿ ಎಷ್ಟೇ ಚಿಕ್ಕದಿರಲಿ, ಲೆಕ್ಕದ ತಂತ್ರಾಂಶದಲ್ಲಿ ಮಾಡಿದ ಪ್ರತಿ ತಿದ್ದುಪಡಿಯೂ ದಿನಾಂಕದೊಂದಿಗೆ ದಾಖಲಾಗಬೇಕು, ಆ ದಾಖಲೆಯನ್ನು ಬಂದ್ ಮಾಡಲು ಬರಬಾರದು. ಹಾಗೆ ಇದೆಯೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಬರೆಯಲೇಬೇಕು. ಹಾಳೆ ಖರೀದಿಯ ಒಂದು ಮಾರ್ಚ್ ವೋಚರಿನ ಮೊತ್ತ ಮೇ ತಿಂಗಳಲ್ಲಿ ಬದಲಾದದ್ದನ್ನು ಅವರು ನಮ್ಮ ಲೆಕ್ಕದ ತಂತ್ರಾಂಶವಾದ ಟ್ಯಾಲಿಯಲ್ಲಿ ಹಿಡಿದು ಕಾರಣ ಕೇಳಿದರು. ತೂಕದ ಚೀಟಿ ತಡವಾಗಿ ಬಂದಿತ್ತು, ಚೀಟಿ ತೋರಿಸಿದ ಮೇಲೆ ವಿಷಯ ಮುಗಿಯಿತು. ಅಂದಿನಿಂದ ನಮ್ಮ ಲೆಕ್ಕ ಬರೆಯುವ ಹುಡುಗ ತಿದ್ದುವ ಬದಲು ಹೊಸ ನಮೂದು ಹಾಕಿ, ಕೆಳಗೆ ಕಾರಣವನ್ನೂ ಬರೆಯುತ್ತಾನೆ.

ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಡುವ ದಾಸ್ತಾನು ಪಟ್ಟಿಯೂ ಪುಸ್ತಕದ ಲೆಕ್ಕವೂ ತಾಳೆಯಾಗುತ್ತವೆಯೇ ಎಂಬುದನ್ನು 2021ರ ಏಪ್ರಿಲ್‌ನಿಂದ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಯಲ್ಲೇ ಕಾಣಿಸಬೇಕಾಗಿದೆ. ಹೆಚ್ಚು ಓವರ್‌ಡ್ರಾಫ್ಟ್ ಸಾಲ ಸಿಗಲೆಂದು ಬ್ಯಾಂಕಿಗೆ ಒಂದು ಅಂಕಿ, ತೆರಿಗೆ ಕಡಿಮೆಯಾಗಲೆಂದು ಲೆಕ್ಕಕ್ಕೆ ಇನ್ನೊಂದು ಅಂಕಿ ಕೊಡುವ ಊರಿನ ಹಳೆಯ ಪದ್ಧತಿಗೆ ಇದರಿಂದ ಕಡಿವಾಣ ಬಿದ್ದಿದೆ. ನಮ್ಮ ಸಾಲ ನವೀಕರಣದ ವೇಳೆ ವ್ಯವಸ್ಥಾಪಕರು ವರದಿಯ ಯುಡಿಐಎನ್ ಸಂಖ್ಯೆಯನ್ನು, ಅಂದರೆ ಸಿಎ ಸಹಿ ಮಾಡಿದ ಪ್ರತಿ ದಾಖಲೆಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆಯನ್ನು, ಕಂಪ್ಯೂಟರಿನಲ್ಲಿ ಹಾಕಿ, ಅಸಲಿ ಎಂದು ಖಚಿತಪಡಿಸಿಕೊಂಡು, ಬೇರೆ ತಕರಾರಿಲ್ಲದೆ ಮುಂದಕ್ಕೆ ಕಳಿಸಿದರು.

ಇನ್ನು ದೋಷಗಳು. ಈ ಕಚೇರಿಯವರು ಬಳಸುವ ಪ್ರಶ್ನಾವಳಿಯನ್ನು ದೊಡ್ಡ ಕಂಪನಿಗಳಿಗೆಂದು ಮಾಡಿದಂತಿದೆ. ಇಬ್ಬರೇ ನಿರ್ದೇಶಕರಿರುವ ನಮಗೆ ಆಡಿಟ್ ಸಮಿತಿಯ ನಡವಳಿ ಕೊಡಿ ಎಂದು ಕೇಳಿ, ಇಲ್ಲ ಎಂದದ್ದಕ್ಕೆ ಇಲ್ಲ ಎಂದೇ ಪತ್ರ ಬರೆಸಿಕೊಂಡರು. ಇಂಥ ಕಾಗದದಲ್ಲಿ ಅರ್ಧದಷ್ಟು ನಮ್ಮ ಕಂಪನಿಯ ಒಳಿತಿಗಲ್ಲ, ನಾಳೆ ಯಾರಾದರೂ ಕೇಳಿದರೆ ಅವರ ರಕ್ಷಣೆಗೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಅದರ ಖರ್ಚು ನಮ್ಮ ತಲೆಗೆ ಬರುತ್ತದೆ. ಹಾಳೆ ಕೊಡುವ ಬೆಳೆಗಾರರಿಗೆ ನಮ್ಮಿಂದ ಬರಬೇಕಾದ ಬಾಕಿ ಇಷ್ಟೇ ತಾನೇ ಎಂದು ಕೇಳುವ ದೃಢೀಕರಣ ಪತ್ರಗಳನ್ನು ಇಂಗ್ಲಿಷಿನಲ್ಲಿ ಕಳಿಸಿದ್ದರಿಂದ, ನೋಟಿಸು ಬಂತೆಂದು ಹೆದರಿದ ಹಿರಿಯರೊಬ್ಬರು ‘ಎಂಥದು ಮಾರಾಯ್ರೇ ಇದು, ನಾನೇನು ತಪ್ಪು ಮಾಡಿದೆ?’ ಎಂದು ಫೋನು ಮಾಡಿದ್ದರು. ಮುಂದಿನ ವರ್ಷ ನಾವೇ ಒತ್ತಾಯಿಸಿ ಕನ್ನಡದಲ್ಲಿ ಮಾಡಿಸಿದೆವು; ಉತ್ತರಗಳೂ ಬೇಗ ಬಂದವು.

ಸಮಯದ್ದು ಇನ್ನೊಂದು ತಕರಾರು. ವಾರ್ಷಿಕ ಮಹಾಸಭೆಗೆ ಸೆಪ್ಟೆಂಬರ್ 30 ಕೊನೆಯ ದಿನವೆಂದು ಗೊತ್ತಿದ್ದೂ ಪ್ರಶ್ನೆಗಳನ್ನು ಕಂತು ಕಂತಾಗಿ ಸೆಪ್ಟೆಂಬರ್ ಮಧ್ಯದವರೆಗೆ ಕಳಿಸುತ್ತಿರುತ್ತಾರೆ. ಅನಂತರ 30 ದಿನದೊಳಗೆ ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ಎಒಸಿ-4 ನಮೂನೆಯನ್ನು ಸಲ್ಲಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೀಳುವುದು ನಮಗೆ, ಅವರಿಗಲ್ಲ. ಫೀಸನ್ನು ಎರಡನೇ ವರ್ಷ ಏರಿಸಿದ್ದು ಕೂಡ ಬಿಲ್ಲು ಕೈಗೆ ಬಂದ ಮೇಲೆಯೇ ತಿಳಿದದ್ದು. ಜೊತೆಗೆ, ಆಡಿಟ್ ಮಾಡುವವರೇ ಅದೇ ಕಂಪನಿಯ ಲೆಕ್ಕ ಬರೆಯುವಂತಿಲ್ಲ ಎಂಬ 144ನೇ ಕಲಮನ್ನು ಅವರು ಚಾಚೂ ತಪ್ಪದೆ ಪಾಲಿಸುವುದರಿಂದ ಲೆಕ್ಕ ಬರೆಯಲು ಬೇರೆಯವರನ್ನು ಇಟ್ಟುಕೊಳ್ಳಬೇಕು. ಈ ವೆಚ್ಚವನ್ನು ಮೊದಲೇ ಕೂಡಿಸಿಕೊಳ್ಳುವುದು ಒಳ್ಳೆಯದು.

ಬ್ಯಾಂಕಿನ ಸಾಲ, ಹೊರಗಿನ ಷೇರುದಾರರು ಅಥವಾ ಬೆಂಗಳೂರಿನ ದೊಡ್ಡ ಖರೀದಿದಾರರು ಇರುವವರಿಗೆ ಈ ಕಚೇರಿಯನ್ನು ಧಾರಾಳವಾಗಿ ಹೇಳುತ್ತೇನೆ. ಮನೆಮಂದಿಯೇ ಸೇರಿ ನಡೆಸುವ, ಸಾಲವಿಲ್ಲದ ವ್ಯಾಪಾರಕ್ಕೆ ಇಷ್ಟು ಆಡಂಬರ ಭಾರವಾದೀತು. ಅಂಥವರು ಕಂಪನಿಯ ರೂಪವೇ ಬೇಕೇ ಎಂದು ಮೊದಲು ಯೋಚಿಸುವುದು ಲೇಸು. ನಾವಂತೂ ಮುಂದಿನ 5 ವರ್ಷದ ಅವಧಿಗೂ ಇವರನ್ನೇ ನೇಮಿಸಿ, ಆಡಿಟರ್ ನೇಮಕ ತಿಳಿಸುವ ಎಡಿಟಿ-1 ನಮೂನೆಯನ್ನು ಸಲ್ಲಿಸಿದ್ದೇವೆ. ಫೀಸು, ಪ್ರತಿ ವರ್ಷದ ಏರಿಕೆ, ಪ್ರಶ್ನೆಗಳ ಪೂರ್ತಿ ಪಟ್ಟಿ ಜುಲೈ ಕೊನೆಯೊಳಗೆ ಕೊಡಬೇಕೆಂಬ ಷರತ್ತು, ಬೆಳೆಗಾರರಿಗೆ ಹೋಗುವ ಪತ್ರ ಕನ್ನಡದಲ್ಲೇ ಇರಬೇಕೆಂಬುದು, ಇಷ್ಟನ್ನು ಈ ಸಲ ಒಪ್ಪಂದ ಪತ್ರದಲ್ಲೇ ಬರೆಸಿಕೊಂಡಿದ್ದೇವೆ.